ಕೋಟಿಗೆ ತಕ್ಕ ಹೊಟ್ಟೆ

ಮಹಡಿಯ ಮೇಲಿನ ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರರಿಗೆ ಟೇಪು ಬೇಕಿಲ್ಲ ಎಂಬುದು ಜಗಜ್ಜಾಹೀರಾದ ಸಂಗತಿ. ಜಾಹೀರು ಮಾಡಿದವರೂ ಅವರೇ. ಗಿರಾಕಿ ಮೆಟ್ಟಿಲು ಹತ್ತುವ ಸದ್ದಿನಲ್ಲೇ ಅವನ ಸೊಂಟ ಎಷ್ಟಿಂಚು ಎಂದು ಹೇಳಿಬಿಡುತ್ತಿದ್ದರು. ಕಿಟಕಿಯಾಚೆ ಮೋಡವೊಂದು ಎರಡು ನಿಮಿಷ ನಿಂತರೆ ಅದಕ್ಕೂ ಒಂದು ಅಂಗಿ ಕತ್ತರಿಸಿಟ್ಟಾರು ಎಂದು ಕೆಳಗಿನ ಅಂಗಡಿಯವರು ನಗುತ್ತಿದ್ದರು. ಹೊಲಿಗೆಯ ಒಳಗೆ ಅವರು ಹೆಚ್ಚುವರಿ ಬಟ್ಟೆಯನ್ನೂ ಬಿಡುತ್ತಿರಲಿಲ್ಲ. ಮುಂದೆ ಬಿಚ್ಚಿ ಸಡಿಲ ಮಾಡಬೇಕಾದೀತೆಂದು ಬಟ್ಟೆ ಬಿಡುವವನು ಕಟ್ಟರ್ ಅಲ್ಲ, ಪುಕ್ಕಲ ಎನ್ನುವುದು ಅವರ ಮಾತು. ನಲವತ್ತು ವರ್ಷದಲ್ಲಿ ತಮ್ಮ ಕಣ್ಣು ದಾರದೆಳೆಯಷ್ಟೂ ತಪ್ಪಿಲ್ಲವೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಹೀಗಿರಲಾಗಿ ದರ್ಜಿಗಳ ಸಂಘದವರು ಆ ವರ್ಷದ ಹಿರಿಯ ಕಟ್ಟರನನ್ನು ಆರಿಸಲು ಸ್ಪರ್ಧೆ ಇಟ್ಟರು. ಸಂಘ ಕೊಟ್ಟ ಬಟ್ಟೆಯಲ್ಲಿ ಪ್ರತಿಯೊಬ್ಬನೂ ತನಗೇ ಒಂದು ಕೋಟು ಹೊಲಿದುಕೊಂಡು, ಎಲ್ಲ ಗುಂಡಿ ಹಾಕಿ ವೇದಿಕೆ ಹತ್ತಬೇಕು. ತೀರ್ಪುಗಾರರು, ಹಿಂದಿನ ವರ್ಷ ಗೆದ್ದ ಎದುರು ಬೀದಿಯ ದರ್ಜಿ. ಈ ಮಹಾಶಯರು ಮಾಸ್ಟರರ ಜೊತೆ ಮಾತು ಬಿಟ್ಟು ಮೂವತ್ತು ವರ್ಷವಾಗಿತ್ತು; ಮಾಸ್ಟರರ ಬಗ್ಗೆ ಮಾತಾಡುವುದನ್ನು ಮಾತ್ರ ಒಂದು ದಿನವೂ ಬಿಟ್ಟಿರಲಿಲ್ಲ.

ಮಾಸ್ಟರರು ಕಣ್ಣಳತೆಯಲ್ಲೇ ತಮ್ಮ ಕೋಟು ಕತ್ತರಿಸಿದರು. ಊರಿನ ಸೊಂಟಗಳನ್ನೆಲ್ಲ ಬಲ್ಲ ಆ ಕಣ್ಣು ತನ್ನ ಯಜಮಾನನ ಸೊಂಟವನ್ನು ನೋಡದೆ ಬಹಳ ಕಾಲವಾಗಿತ್ತು. ಕೋಟು ತೊಟ್ಟಾಗ ಭುಜ ಎರಕ ಹೊಯ್ದಂತೆ ಕೂತಿತು. ಹೊಟ್ಟೆಯ ಹತ್ತಿರ ಮಾತ್ರ ಗುಂಡಿಯೂ ಕಾಜವೂ ಆಸ್ತಿ ಪಾಲಾದ ದಾಯಾದಿಗಳಂತೆ ನಾಲ್ಕು ಬೆರಳು ದೂರ ನಿಂತು ಒಂದನ್ನೊಂದು ದುರುಗುಟ್ಟಿದವು.

ಮೂಲೆಯಲ್ಲಿ ಕಾಜ ಹೊಲಿಯುತ್ತಿದ್ದ ಹೆಂಡತಿ ಸೂಜಿಯಿಂದ ಕಣ್ಣೆತ್ತದೆ ಹೇಳಿದಳು: "ಬಿಚ್ಚಿ ಸಡಿಲ ಮಾಡೋಣ ಅಂದ್ರೆ ಒಳಗೆ ಬಟ್ಟೆ ಎಲ್ಲಿ ಬಿಟ್ಟಿದೀರಿ?"

"ಕೋಟು ಸರಿಯಾಗೇ ಇದೆ ಕಣೇ. ಹೊಟ್ಟೆ ಅಳತೆ ಮೀರಿದೆ. ಸರಿಮಾಡಬೇಕಾದ್ದು ಅದನ್ನ."

ಸ್ಪರ್ಧೆಗೆ ಎಂಟು ದಿನವಿತ್ತು. ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವ ನಾದಿನಿ ಏಳು ದಿನದ ಡಿಟಾಕ್ಸ್ ಹೇಳಿಕೊಟ್ಟಳು. ಸೌತೆಕಾಯಿ, ನಿಂಬೆ, ಸೊಪ್ಪು ಅರೆದ ಹಸಿರು ರಸ ದಿನಕ್ಕೆ ಆರು ಲೋಟ, ಬೇರೇನೂ ಕೂಡದು, ಮೈಯಲ್ಲಿರುವ ವಿಷವೆಲ್ಲ ಹೊರಗೆ. ಅವಳೇ ಮೂರು ಸಲ ಮಾಡಿದ್ದಳಂತೆ. ಪ್ರತಿ ಸಲವೂ ಮೂರು ಕಿಲೋ ಇಳಿದು, ತಿಂಗಳೊಳಗೆ ಇನ್ನೊಂದು ಕಿಲೋವನ್ನು ಜೊತೆಗೆ ಕರೆದುಕೊಂಡು ವಾಪಸು ಬಂದಿತ್ತು. ಈ ಭಾಗವನ್ನು ಭಾವನಿಗೆ ಹೇಳಲು ಮರೆತಿದ್ದಳು.

ಮೊದಲ ದಿನ ಮಾಸ್ಟರರು ರಸವನ್ನು ಹೊಗಳಿದರು. ಎರಡನೆಯ ದಿನ ತಲೆ ಸಿಡಿದು ಹೊಲಿಗೆ ಯಂತ್ರದ ಮೇಲೆ ರೇಗಿದರು. ಮೂರನೆಯ ದಿನ ಅವರ ಹೊಟ್ಟೆ ಗುಡುಗಿದ ಸದ್ದಿಗೆ ಮಳೆ ಬಂತೆಂದು ಕೆಳಗಿನ ಅಂಗಡಿಯವರು ಸಾಮಾನನ್ನೆಲ್ಲ ಒಳಗೆಳೆದುಕೊಂಡರು. ಮಹಡಿಯ ಕೊನೆಯ ಶೌಚಾಲಯಕ್ಕೆ ಅವರು ಎಷ್ಟು ಸಲ ಓಡಿದರೆಂದರೆ, ದಾರಿಯಲ್ಲಿ ಪಕ್ಕದ ಕೋಣೆಯ ಹಲ್ಲಿನ ಡಾಕ್ಟರಿಗಾಗಿ ಕಾದು ಕೂತವರು ಹಲ್ಲುನೋವು ಮರೆತು ಎಣಿಸತೊಡಗಿದರು. ನಾಲ್ಕನೆಯ ದಿನ ಬ್ಯಾಂಕ್ ಮ್ಯಾನೇಜರರ ಪ್ಯಾಂಟಿಗೆ ಎರಡೂ ಎಡಗಾಲನ್ನೇ ಕತ್ತರಿಸಿಟ್ಟರು. ಹೆಂಡತಿ ಕತ್ತರಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಅಂಗಿ ಒಯ್ಯಲು ಬಂದ ಹಲ್ಲಿನ ಡಾಕ್ಟರು ತಿಳಿಹೇಳಿದರು. ಮೈ ಶುದ್ಧಿ ಮಾಡುವ ಕೆಲಸವನ್ನು ಲಿವರು, ಕಿಡ್ನಿ ಹುಟ್ಟಿದಾಗಿನಿಂದ ರಜೆಯಿಲ್ಲದೆ ಮಾಡುತ್ತಿವೆ. ವಾರದಲ್ಲಿ ಇಳಿಯುವುದು ಬಹುಪಾಲು ನೀರು, ನಾಲ್ಕು ದಿನ ಉಂಡರೆ ತಿರುಗಿ ಬರುತ್ತದೆ ಎಂದರು. ಹಲ್ಲು ಕೀಳುವವರು ಹೊಟ್ಟೆಯ ತಂಟೆಗೆ ಬರಬಾರದೆಂದು ಮಾಸ್ಟರರು ಅಂಗಿ ಕೊಟ್ಟು ಕಳಿಸಿದರು.

ಏಳನೆಯ ದಿನ ಔಷಧಿ ಅಂಗಡಿಯ ತೂಕದ ಯಂತ್ರ ಮೂರು ಕಿಲೋ ಕಡಿಮೆ ತೋರಿಸಿತು. ಮಾಸ್ಟರರು ರಾಜ್ಯ ಗೆದ್ದವರಂತೆ ಬಂದು ಕೋಟು ತೊಟ್ಟು, ಉಸಿರು ಒಳಗೆಳೆದು, ಗುಂಡಿ ಹಾಕಿದರು. ಗುಂಡಿ ಕಾಜದೊಳಗೆ ಕೂತಿತು.

ಹೆಂಡತಿ ಒಂದು ಸುತ್ತು ಬಂದು ನೋಡಿದಳು. "ರೀ, ಹೊಟ್ಟೆ ಹೆಚ್ಚುಕಮ್ಮಿ ಇದ್ದಲ್ಲೇ ಇದೆ. ಇಳಿದಿರೋದು ಮುಖ, ಕತ್ತು, ಭುಜ."

ಮಾಸ್ಟರರು ಉತ್ತರ ಕೊಡಲಿಲ್ಲ. ಕೊಟ್ಟರೆ ಗುಂಡಿ ಹಾರುತ್ತಿತ್ತು.

ಮರುದಿನ ವೇದಿಕೆಯ ಮೇಲೆ ಎದುರು ಬೀದಿಯ ದರ್ಜಿ ಟೇಪು ಹಿಡಿದು ಬಂದರು. ಮಾಸ್ಟರರ ಭುಜದ ಮೇಲೆ ಕೋಟು ಗೂಟಕ್ಕೆ ನೇತುಹಾಕಿದಂತೆ ಜೋತಿತ್ತು. ಕಾಲರಿಗೂ ಕತ್ತಿಗೂ ನಡುವೆ ಒಂದು ಬೆಕ್ಕು ಮರಿ ಹಾಕಿ ಸಂಸಾರ ಹೂಡಬಹುದಿತ್ತು. ಹೊಟ್ಟೆ ಮಾತ್ರ ತಮಟೆ. ದರ್ಜಿ ಎರಡೆರಡು ಸಲ ಅಳೆದು, ಮೂವತ್ತು ವರ್ಷದ ಮೌನವನ್ನು ಮೈಕಿನಲ್ಲೇ ಮುರಿದರು.

"ಭುಜ ಸಡಿಲ, ಹೊಟ್ಟೆ ಬಿಗಿ. ಇದು ಯಾರ ಅಳತೆಗೆ ಕತ್ತರಿಸಿದ ಕೋಟು ಮಾಸ್ಟ್ರೇ?"

ಹಿರಿಯ ಕಟ್ಟರನ ಪಟ್ಟ ಕೈತಪ್ಪುವುದು ಖಾತ್ರಿ. ಉಳಿದಿದ್ದದ್ದು ಕಣ್ಣಳತೆಯ ಹೆಸರೊಂದೇ. ಸಂಘ ಕೊಟ್ಟ ಬಟ್ಟೆಯೇ ಕುಗ್ಗಿತು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸುಳ್ಳು ಹೇಳುವುದಕ್ಕೂ ಉಸಿರು ಬೇಕು, ಉಸಿರು ಕೋಟಿನೊಳಗೆ ಸೆರೆಯಾಗಿತ್ತು. ಮಾಸ್ಟರರು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಹೊಟ್ಟೆ ಹೊರಬಂತು, ಅದರ ಹಿಂದೆಯೇ ನಿಜವೂ ಬಂತು.

"ಇಪ್ಪತ್ತೈದು ವರ್ಷದ ಹಿಂದೆ ನಾನು ಹೇಗಿದ್ನೋ ಆ ಮನುಷ್ಯನ ಅಳತೆಗೆ. ಟೇಪು ಹಿಡೀಲಿಲ್ಲ, ಕಣ್ಣು ತಪ್ಪಿತು. ಸಡಿಲ ಮಾಡೋಕೆ ಒಳಗೆ ಬಟ್ಟೆ ಬಿಟ್ಟಿರಲಿಲ್ಲ. ಅದಕ್ಕೆ ಏಳು ದಿನ ಡಿಟಾಕ್ಸ್ ಮಾಡಿ ನನ್ನನ್ನೇ ಬಿಗಿ ಮಾಡ್ಕೊಳ್ಳೋಕೆ ಹೋದೆ."

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಮೂರನೆಯ ಸಾಲಿನಲ್ಲಿ ಕೂತಿದ್ದ ಹೆಂಡತಿ. ಎದುರು ಬೀದಿಯ ದರ್ಜಿಯ ಎದೆ ಮಾತ್ರ ಅವರದೇ ಕೋಟು ಹರಿಯುವಷ್ಟು ಉಬ್ಬಿತು.

"ಹಾಗಾದ್ರೆ ಅಷ್ಟು ರಸ ಕುಡಿದದ್ದು ದಂಡ ಅನ್ನಿ."

"ದಂಡ ಯಾಕಾಗುತ್ತೆ?" ಎಂದರು ಮಾಸ್ಟರರು, ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಳ್ಳುತ್ತ. "ಮೈಯಲ್ಲಿರೋ ವಿಷ ಹೋಗುತ್ತೆ ಅಂದಿದ್ಲು ನಾದಿನಿ. ನಲವತ್ತು ವರ್ಷದ ಜಂಬ ಹೋಯ್ತು. ನಾಳೆ ನಿಮಗೂ ಒಂದು ಬಾಟ್ಲಿ ಕಳಿಸ್ತೀನಿ ಬಿಡಿ."