ಸೀತಾಂಗೋಳಿಯ ಸೋಸಿದ ನೀರು

ಬೆಳಿಗ್ಗೆ ಏಳೂವರೆಗೆ ಮಂಗಳೂರಿನಿಂದ ಕಾಸರಗೋಡಿನ ಬಸ್ಸು ಹತ್ತಿದೆ. ಮಡಿಲಲ್ಲಿ ಮೀಟರಿನ ಪೆಟ್ಟಿಗೆ. ಪಕ್ಕದ ಅಜ್ಜಿ ಅದನ್ನು ತಟ್ಟಿ, "ಎಂತ ಮಗಾ, ಮೀನುಂಟಾ?" ಎಂದರು.

"ಇಲ್ಲ ಅಜ್ಜಿ, ಮೀನು ಬದುಕುವಷ್ಟು ಆಮ್ಲಜನಕ ನೀರಲ್ಲಿ ಉಂಟಾ ಅಂತ ನೋಡುವ ಯಂತ್ರ" ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಬಂದ್ಯೋಡಿನಲ್ಲಿ ಇಳಿಯುವ ತನಕ ಪೆಟ್ಟಿಗೆಯ ಮೇಲೆಯೇ ಅವರ ಕಣ್ಣು.

ಕುಂಬಳೆಯಲ್ಲಿ ಚಾ ಕುಡಿದು, ಎಣ್ಣೆಯಲ್ಲಿ ಕರಿದ ನೇಂದ್ರಬಾಳೆಯ ಪೋಡಿ ತಿಂದು, ಸೀತಾಂಗೋಳಿಗೆ ಬೇರೆ ಬಸ್ಸು ಹಿಡಿದೆ. ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ನೀರಿನ ಪರೀಕ್ಷೆಗೆ ಹೋಗಬೇಕಾದದ್ದು ಹಣ್ಣಿನ ರಸ ತಯಾರಿಸುವ ಸಣ್ಣ ಕಾರ್ಖಾನೆಗೆ. ಅಲ್ಲಿಯ ಕೊಳೆನೀರನ್ನು ಶುದ್ಧ ಮಾಡಿ ಹಿಂದೆ ಹರಿಯುವ ಸಣ್ಣ ತೋಡಿಗೆ ಬಿಡುತ್ತಾರೆ. ಬಿಡುವ ನೀರಿನಲ್ಲಿ ಲೀಟರಿಗೆ ನಾಲ್ಕು ಮಿಲಿಗ್ರಾಂ ಆಮ್ಲಜನಕ ಇರಬೇಕೆಂದು ಷರತ್ತು. ಇಲ್ಲದಿದ್ದರೆ ಪರವಾನಗಿ ಸಿಗುವುದಿಲ್ಲ, ರಿಪೇರಿ ಮುಗಿಯುವ ತನಕ ಬಾಗಿಲು ಹಾಕಬೇಕು. ಆ ನೀರಿನ ಟ್ಯಾಂಕು ನೋಡಿಕೊಳ್ಳುವ ಅಡೂರಿನ ಸಂಜೀವಣ್ಣನಿಗೂ ಹಣ್ಣು ಹೆಚ್ಚುವ ಅವರ ಹೆಂಡತಿಗೂ ಬೇರೆ ಸಂಪಾದನೆ ಇಲ್ಲ.

ಸಂಜೀವಣ್ಣ ನನ್ನನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. "ನೀವು ಟ್ಯಾಂಕಿನ ಏಣಿ ಹತ್ತುವುದು ಬೇಡ ಮೇಡಂ, ಜಾರ್ತದೆ. ಎಲ್ಲ ರೆಡಿ ಉಂಟು."

ಸ್ಟೂಲಿನ ಮೇಲೆ ತೊಳೆದಿಟ್ಟ ಬಾಲ್ದಿ, ಅದರಲ್ಲಿ ಟ್ಯಾಂಕಿನ ನೀರು. ಮೀಟರು 5.8 ತೋರಿಸಿತು. ಬರೆಯಲು ಪೆನ್ನು ತೆಗೆದವಳಿಗೆ ಆ ನೀರು ಅಷ್ಟು ತಿಳಿಯಾಗಿರುವುದು ಕಣ್ಣಿಗೆ ಬಿತ್ತು. ಹೇಗೆ ತೆಗೆದಿರಿ ಎಂದು ಕೇಳಿದೆ.

"ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಬಂದವರ ಎದುರಿಗೆ ಕಸದ ನೀರು ಇಡುವುದಾ?"

ಸೋಸುವಾಗ ಚಾ ಎತ್ತಿ ಹೊಯ್ದಂತೆ ನೀರನ್ನು ಸುರಿದರೆ ಹೊರಗಿನ ಗಾಳಿಯ ಆಮ್ಲಜನಕ ಅದಕ್ಕೆ ಸೇರುತ್ತದೆ. ಮತ್ತೆ ಅಳೆದು ಎಂತ ಪ್ರಯೋಜನ? ಚಪ್ಪಲಿ ಬಿಟ್ಟು ಏಣಿ ಹತ್ತಿ, ಮೀಟರಿನ ತುದಿಯನ್ನು ಟ್ಯಾಂಕಿಗೇ ಇಳಿಸಿದೆ. 1.2. ಇನ್ನೊಂದು ಮೂಲೆಯಲ್ಲಿ 1.1.

ವಿಷಯ ತಿಳಿಸಿದಾಗ ಸಂಜೀವಣ್ಣನ ಮುಖ ಬಾಡಿತು. "ಬಾಲ್ದಿಯದ್ದು ಬರೆಯಲಿಕ್ಕೆ ಆಗುದಿಲ್ವಾ?" ಎಂದು ಮೆಲ್ಲಗೆ ಕೇಳಿದರು. ಆಗುವುದಿಲ್ಲ ಎಂದೆ, ಸ್ವಲ್ಪ ಗಡುಸಾಗಿಯೇ. ನನ್ನ ಬಾಯಿಯೇ ಹಾಗೆ.

ಅವರು ಬಾಲ್ದಿಯನ್ನು ಸ್ಟೂಲಿನಿಂದ ಕೆಳಗಿಳಿಸಿದರು. "ಹೋದ ವರ್ಷವೂ ನೀವೇ ಬಂದದ್ದಲ್ವಾ? ಜೋರು ಮಳೆ ಇತ್ತು. ಆಗಲೂ ಹೀಗೇ ಸೋಸಿ ಕೊಟ್ಟಿದ್ದೆ. ಲಾಯ್ಕುಂಟು ಅಂತ ಬರೆದುಕೊಂಡು ಹೋದಿರಿ."

ಅದು ನಿಜ. ಒದ್ದೆಯಾಗಲು ಮನಸ್ಸಿಲ್ಲದೆ ಅವತ್ತು ಜಗಲಿಯಿಂದ ಎದ್ದಿರಲೇ ಇಲ್ಲ. ಬಹಳ ನಾಚಿಕೆಯಾಯಿತು. ವರದಿಯಲ್ಲಿ 1.2 ಎಂದು ಬರೆದೆ. ಹೋದ ವರ್ಷದ ನನ್ನ ಅಂಕಿಯನ್ನೂ ನಂಬಬಾರದು ಎಂದು ಕೆಳಗೆ ಸೇರಿಸಿ ಸಹಿ ಹಾಕಿದೆ.

ಸಂಜೀವಣ್ಣ ಅದನ್ನು ನಿಧಾನವಾಗಿ ಓದಿದರು. "ಇದರಿಂದ ನಿಮಗೆ ತೊಂದರೆ ಆಗ್ಲಿಕ್ಕಿಲ್ವಾ ಮೇಡಂ?"

"ಆದೀತು" ಎಂದೆ.

ಎರಡು ಗಂಟೆಯ ಬಸ್ಸಿನ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಸಂಜೀವಣ್ಣ ಕಾರ್ಖಾನೆಯ ಹಿಂದೆ ತೋಡಿನ ಬದಿಯಲ್ಲಿ ನಿಂತು ನೀರನ್ನೇ ನೋಡುತ್ತಿದ್ದರು. ಎರಡು ಸಲ ಇಲ್ಲಿಗೆ ಬಂದವಳು ನಾನು. ಆ ತೋಡಿನವರೆಗೆ ಒಮ್ಮೆಯೂ ನಡೆದು ಹೋಗಿರಲಿಲ್ಲ.