ನೇರಳೆ ಪ್ರೋಟೀನಿನ ಹೆಸರಲ್ಲಿ ಹೇಳಿದ ಸುಳ್ಳು

ಡಿಂಡಿಗಲ್ಲಿನ ಕಾಲೇಜೊಂದರಲ್ಲಿ ನಾನು ಸೂಕ್ಷ್ಮಜೀವಿಗಳ ಪಾಠ ಹೇಳುತ್ತೇನೆ. ಎರಡು ವರ್ಷದ ಕೆಳಗೆ, ಲ್ಯಾಬಿನಲ್ಲಿದ್ದ ಒಂದು ಪ್ರೋಟೀನಿನ ಹೆಸರು ಹೇಳಿ ಅಮ್ಮನ ಮೂಗಿಗೆ ತುಪ್ಪ ಸವರಿದೆ. ನನ್ನ ಮಗಳನ್ನು ಉಳಿಸಿಕೊಳ್ಳಬೇಕಿತ್ತು, ಅದಕ್ಕೆ.

ಕಂಬಂ ಹತ್ತಿರ ನನ್ನ ತಮ್ಮನ ದ್ರಾಕ್ಷಿ ತೋಟ. ಅವನಿಗೆ ಚಿಕ್ಕಂದಿನಿಂದ ಇರುಳುಗುರುಡು. ಮೂವತ್ತು ದಾಟಿದ ಮೇಲೆ ಹಗಲಲ್ಲೂ ಅಕ್ಕಪಕ್ಕದ್ದು ಕಾಣದಾಯಿತು. ಅಮ್ಮನನ್ನು ಅವಳ ಸ್ವಂತ ಸೋದರಮಾವನಿಗೇ ಕೊಟ್ಟಿದ್ದರು. ಸುತ್ತ ತಮಿಳಿನ ಊರು. ಹೆಣ್ಣು ಹೊರಗೆ ಹೋದರೆ ಮನೆಯ ಕನ್ನಡವೂ ಹೋಯಿತು ಎಂದು ನಮ್ಮವರಿಗೆ ಭಯ. ರಕ್ತದಲ್ಲೇ ರಕ್ತ ಬೆರೆತದ್ದರಿಂದ ಈ ರೋಗ ಬಂದಿರಬೇಕು ಎಂದು ಕಣ್ಣಿನ ಡಾಕ್ಟರು ಹೇಳಿದರೂ ಅಮ್ಮನ ತಲೆಗೆ ಹತ್ತಲಿಲ್ಲ.

"ನಿನ್ ಮಗಳನ್ನ ಅವನಿಗೇ ಕೊಟ್ಬುಡು. ಅಕ್ಕನ ಮಗಳ ಮೇಲೆ ಮಾವನಿಗೆ ಮುರೈ ಐತೆ, ಹಕ್ಕು ಐತೆ. ಕಣ್ ಹೋದವನ್ನ ಬೇರೆ ಯಾರ್‌ಡೀ ನೋಡ್ಕಂತಾರೆ?" ಎಂದಳು. ನನ್ನ ಮಗಳಿಗೆ ಆಗಿನ್ನೂ ಇಪ್ಪತ್ತೊಂದು. ಬೇಡ ಎಂದರೆ ಅಮ್ಮ ಊಟ ಬಿಟ್ಟು ಮಲಗುವವಳು.

"ಎರಡು ವರ್ಷ ತಾಳಮ್ಮ. ನಮ್ ಲ್ಯಾಬಲ್ಲಿರೋ ಪ್ರೋಟೀನಿಂದ ಕಣ್ಣಿಗೆ ಔಷಧ ಬತ್ತಾ ಐತೆ. ಕಣ್ ಬಂದ್ರೆ ಅವನೇ ಒಬ್ಬಳನ್ನ ನೋಡ್ಕಂತಾನೆ" ಎಂದುಬಿಟ್ಟೆ. ಹಾಳು ನಾಲಿಗೆ! ದೂರದ ದೇಶಗಳಲ್ಲಿ ಪಾಚಿಯಿಂದ ತೆಗೆದ ಇಂಥದ್ದೇ ಬೇರೊಂದು ಪ್ರೋಟೀನನ್ನು ಕುರುಡು ಕಣ್ಣಿನ ಮೇಲೆ ಪ್ರಯೋಗ ಮಾಡುತ್ತಿದ್ದರು, ಅದಷ್ಟೇ ನಿಜ.

ಅಮ್ಮ ಸುಮ್ಮನಾದಳು, ಮಾತು ಮಾತ್ರ ತಮ್ಮನನ್ನು ಮುಟ್ಟಿತು. ಕೋಲು ಹಿಡಿದು ನಡೆಯುವುದನ್ನು ಕಲಿಸುತ್ತೇವೆ, ಕೊಂಚ ದೃಷ್ಟಿ ಇರುವಾಗಲೇ ಬಂದರೆ ಸುಲಭ ಎಂದು ಮದುರೈಯ ಕಣ್ಣಾಸ್ಪತ್ರೆಯವರು ಕರೆದರು. ಕಣ್ಣೇ ಬರುವಾಗ ಕೋಲು ಯಾಕೆಂದು ಅವನು ಹೋಗಲಿಲ್ಲ. ಚಪ್ಪರದ ಕಲ್ಲುಕಂಬಕ್ಕೆ ಎರಡು ಸಲ ಹಣೆ ಒಡೆದುಕೊಂಡ. ಎಲ್ಲಾ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ಹೋದ ತಿಂಗಳು ಪಕ್ಕದ ತೋಟದವರು ಅವನನ್ನು ಲ್ಯಾಬಿಗೆ ಬಿಟ್ಟುಹೋದರು. ಅಷ್ಟರಲ್ಲಿ ನಡುವಿನ ದೃಷ್ಟಿಯೂ ಹೋಗಿತ್ತು.

"ಅದು ಎಂಗೆ ಕೆಲ್ಸ ಮಾಡ್ತದೆ ಅಕ್ಕಾ?"

ಬಾಟಲಿಯನ್ನು ಅವನ ಕೈಗೆ ಮುಟ್ಟಿಸಿದೆ. ಅದರೊಳಗೆ ಉಪ್ಪುನೀರು, ಅದರಲ್ಲೇ ಬದುಕುವ ನೇರಳೆ ಜೀವಿಗಳು. ದೀಪ ಹಾಕಿ, ನೀರಿನ ಹುಳಿ ಅಳೆಯುವ ಮೀಟರಿನ ಅಂಕಿ ಇಳಿಯುತ್ತಾ ಹೋದದ್ದನ್ನು ಓದಿ ಹೇಳಿದೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬೆಳಕು ಬಿದ್ದ ಕೂಡಲೇ ಅವುಗಳ ಪೊರೆಯಲ್ಲಿರುವ ಪ್ರೋಟೀನು ಹುಳಿ ತರುವ ಪ್ರೋಟಾನು ಕಣಗಳನ್ನು ಒಂದೊಂದಾಗಿ ಹೊರಕ್ಕೆ ತಳ್ಳುತ್ತದೆ, ನೀರು ಹುಳಿಯಾಗುತ್ತದೆ. ಹೊರಗೆ ಸೇರಿದವು ಮತ್ತೆ ಒಳಗೆ ನುಗ್ಗುವ ರಭಸದಿಂದಲೇ ಆ ಜೀವಿಗಳ ಬದುಕು.

"ಸೋಲಾರ್ ಮೋಟರ್ ತಾನೇ! ಬಿಸಿಲಲ್ಲಿ ತೊಟ್ಟಿಗೆ ನೀರು ಏರಿಸ್ತದೆ, ಆಮೇಲೆ ಇಳಿಸ್ಕೋತದೆ" ಎಂದ. ನನ್ನ ವಿದ್ಯಾರ್ಥಿಗಳಿಗೂ ಇಷ್ಟು ಬೇಗ ಹೊಳೆದಿರಲಿಲ್ಲ. ಆಮೇಲೆ ಕೇಳಿದ: "ನನ್ ಕಣ್ಣಿಗೆ ಯಾವಾಗ?"

ಇನ್ನು ತಡೆಯಲಾಗಲಿಲ್ಲ. "ಇದರಿಂದ ಆಗಲ್ಲ ಕಣೋ. ಬೇರೆ ದೇಶದಲ್ಲಿ ಮಾಡ್ತಿರೋದರಲ್ಲೂ ಮಬ್ಬು ಆಕಾರ ಕಂಡ್ರೆ ಹೆಚ್ಚು. ಅದು ಇಲ್ಲಿಗೆ ಯಾವಾಗ ಬತ್ತದೋ ಗೊತ್ತಿಲ್ಲ. ನಾನು ಸುಳ್ಳು ಹೇಳ್ದೆ."

"ಯಾಕೆ?"

"ಅಮ್ಮ ನನ್ ಮಗಳನ್ನ ನಿನಗೆ ಕೇಳಿದ್ಳು."

"ಅದಕ್ಕಾ?" ಎಂದ. "ಅಮ್ಮ ಆ ಮಾತೆತ್ತಿದ ದಿನವೇ ಬೇಡ ಅಂದ್‌ಬುಟ್ಟಿದ್ದೆ ಅಕ್ಕಾ. ನಾನು ಎತ್ತಿ ಆಡಿಸಿದ ಕೂಸು ಅದು. ನನ್ನ ಒಂದ್ ಮಾತು ಕೇಳಬಾರದಿತ್ತಾ?"

ಎದ್ದು, ಬಾಗಿಲೆಂದುಕೊಂಡು ಬೀರುವಿನ ಕಡೆ ನಡೆದ. ಓಡಿಹೋಗಿ ತೋಳು ಹಿಡಿದೆ.

"ಬುಡು" ಎಂದು ಕೈ ಬಿಡಿಸಿಕೊಂಡ. "ಇನ್ಮೇಲೆ ಕಲೀಬೇಕಲ್ಲ." ಗೋಡೆ ತಡವುತ್ತಾ, ನಿಂತು ನಿಂತು, ತಾನೇ ಬಾಗಿಲು ಹುಡುಕಿಕೊಂಡ.