ಭಾವನ ಮುಷ್ಟಿಯ ತೀರ್ಪು

ನಮ್ಮ ಭಾವನ ಎದುರು ಕಿರುಗತ್ತಿಯನ್ನು ಒರೆಯಿಂದ ಹೊರತೆಗೆದವರ ಮಾನ ಉಳಿದದ್ದಿಲ್ಲ. ಹಿಂದೆ ಹಡಗಿನ ಅಧಿಕಾರಿಗಳು ಸೊಂಟಕ್ಕೆ ಕಟ್ಟುತ್ತಿದ್ದ ಅಸಲಿ ಯಾವುದು, ಹೋದ ವರ್ಷ ಕಾರ್ಖಾನೆಯಲ್ಲಿ ಎರಕ ಹೊಯ್ದದ್ದು ಯಾವುದು ಎಂದು ಹೇಳಬಲ್ಲ ಏಕೈಕ ವೀರ ತಾವೇ ಎಂದು ಅವರೇ ಘೋಷಿಸಿಕೊಂಡಿದ್ದಾರೆ. ಮದುವೆಮನೆಯಾಗಲಿ, ಸಾವಿನ ಮನೆಯಾಗಲಿ, ಗೋಡೆಯ ಮೇಲೊಂದು ಕಿರುಗತ್ತಿ ಕಂಡರೆ ಮುಗಿಯಿತು: ಭೂತಗನ್ನಡಿ ಹೊರಬರುತ್ತದೆ. ಹಿಡಿಯನ್ನು ಮೂಸಿ, "ಬೂಟ್ ಪಾಲಿಶ್ ಹಚ್ಚಿ ಮುಪ್ಪು ಬರಿಸಿದ್ದಾರೆ" ಎನ್ನುತ್ತಾರೆ. ಅಲಗಿನ ಮೇಲಿನ ಲಂಗರಿನ ಚಿತ್ರವನ್ನು ಉಗುರಿನಿಂದ ಕೆರೆದು, "ಇದು ಕೆತ್ತಿದ್ದಲ್ಲ, ಅಚ್ಚು" ಎನ್ನುತ್ತಾರೆ. ಕೊನೆಗೆ ಮುಷ್ಟಿ ತುಂಬ ಹಿಡಿದು, "ನನ್ನ ಕೈ ಆರಾಮಾಗಿ ಕೂತಿತು ನೋಡಿ, ಅಂದ್ರೆ ನಕಲಿ. ಮಕ್ಕಳಿಗೆ ಆಡೋಕೆ ಕೊಡಿ" ಎಂದು ತೀರ್ಪಿತ್ತು ಕಾಫಿ ಕೇಳುತ್ತಾರೆ. ಅವರ ಬಾಯಿಂದ ಒಂದೇ ಒಂದು 'ಅಸಲಿ' ಕೇಳಿಯೇ ಕಣ್ಣು ಮುಚ್ಚಬೇಕೆಂದು ಹಠ ತೊಟ್ಟು ನಾನು ಗುಜರಿ ಅಂಗಡಿಗಳನ್ನು ಜಾಲಾಡಿ ತಂದ ಕಿರುಗತ್ತಿಗಳೆಲ್ಲ ಈಗ ಅಕ್ಕನ ಅಡುಗೆಮನೆಯಲ್ಲಿ ಡಬ್ಬಿಗಳ ಮುಚ್ಚಳ ಎಬ್ಬಿಸುತ್ತಿವೆ. ಮೊನ್ನೆ ತಂದದ್ದನ್ನೂ ಮೂಸಿದರು, ಕೆರೆದರು, ಮುಷ್ಟಿಯಲ್ಲಿ ಹಿಡಿದರು. ಹಿಡಿಯ ಮೇಲೆ ಮೂರೇ ಬೆರಳು ಹಿಡಿಸಿದವು; ಕಿರುಬೆರಳು ಗಾಳಿಯಲ್ಲಿ ಉಳಿಯಿತು. ಭಾವ ಭೂತಗನ್ನಡಿಯನ್ನು ಜೇಬಿಗೆ ಹಾಕಿದರು. "ಅಸಲಿ ಕಣೋ, ಹಿಡಿ ಚಿಕ್ಕ ಕೈಗೆ ಮಾಡಿದ್ದು. ಆಗೆಲ್ಲ ಹನ್ನೆರಡು ವರ್ಷದ ಹುಡುಗರನ್ನೇ, ಅಧಿಕಾರಿ ಅಂತ ಸೊಂಟಕ್ಕೆ ಇದನ್ನ ಕಟ್ಟಿ, ಹಡಗು ಹತ್ತಿಸಿ ಯುದ್ಧಕ್ಕೆ ಕಳಿಸ್ತಿದ್ರು." ಗೆದ್ದ ಖುಷಿಯಲ್ಲಿ ನಾನು, "ಹಾಗಾದ್ರೆ ಇದನ್ನ ಮಕ್ಕಳಿಗೆ ಆಡೋಕೆ ಕೊಡೋದು ಬೇಡ್ವಾ ಭಾವ?" ಎಂದು ಕೆಣಕಿದೆ. ಅವರು ಅದನ್ನು ಮೆಲ್ಲಗೆ ಒರೆಗೆ ಸೇರಿಸಿ, "ಬೇಡ ಕಣೋ. ಒಂದು ಸಲ ಕೊಟ್ಟಾಗಿದೆ" ಎಂದರು.